14 ಸೆಕೆಂಡ್ ಅಂಗಾತ

ನಿನ್ನೆ ಭಾನುವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ನನ್ನ ಮಗಳು 14 ಸೆಕೆಂಡ್ ಅಂಗಾತ ತೇಲಿದಳು. ನನ್ನ ಅಂಗೈ ಅವಳ ಬೆನ್ನಿನಿಂದ ನಾಲ್ಕು ಬೆರಳು ಕೆಳಗಿತ್ತು, ಮುಟ್ಟಿರಲಿಲ್ಲ. ಎರಡೂ ಕಿವಿ ನೀರೊಳಗೆ, ಬಾಯಿ ಅರ್ಧ ತೆರೆದಿತ್ತು, ಕಣ್ಣು ಮಾವಿನ ಟೊಂಗೆಯಲ್ಲಿ ನೆಟ್ಟಿತ್ತು. ಹದಿನೈದನೇ ಸೆಕೆಂಡಿಗೆ ಟೊಂಗೆಯ ಮೇಲೆ ಅಳಿಲು ಓಡಿತು. "ಅಯಿಲು!" ಎಂದು ಕೂಗಿ ಎದ್ದು ನನ್ನ ಕೊರಳಿಗೆ ಬಿದ್ದಳು. ಸೆಕೆಂಡ್ ಎಣಿಸುತ್ತಿದ್ದ ನನ್ನ ತಮ್ಮ ದಂಡೆಯಲ್ಲೇ ಕೂತು ಕಣ್ಣೊರೆಸಿಕೊಂಡ. ಹಿತ್ತಲ ಕೊಳದಲ್ಲಿ ಪುಟ್ಟ ಮಕ್ಕಳಿಗೆ ಈಜು ಕಲಿಸುತ್ತಿದ್ದೇವೆ, ಹನ್ನೊಂದು ಭಾನುವಾರ ಹಿಡಿದ ಕೆಲಸ ಇದು.

ಕೊಳ ಕೂಡಿಸಿದ ಕಥೆ ಹೇಳುವುದಿಲ್ಲ, ನಿಮ್ಮಲ್ಲಿ ಬಹಳ ಮಂದಿ ಅದನ್ನು ಮಾಡಿದವರೇ. ಹತ್ತು ಅಡಿ ಅಡ್ಡಳತೆಯ ಫ್ರೇಮ್ ಕೊಳ (ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದು), ಎರಡು ಅಡಿ ನೀರು, ಲೆಕ್ಕಕ್ಕೆ 4,400 ಲೀಟರ್. ಅಂದರೆ ನಾಲ್ಕು ಟನ್ನಿಗೂ ಮೇಲೆ ತೂಕ, ಅದಕ್ಕೇ ಮಾಳಿಗೆಯ ಆಸೆ ಬಿಟ್ಟು ಧಾರವಾಡದ ನಮ್ಮ ಮನೆಯ ಹಿತ್ತಲಲ್ಲೇ ನೆಲ ಸಮ ಮಾಡಿಸಿದೆ. ಮಲಪ್ರಭೆಯ ನೀರು ನಮ್ಮ ಓಣಿಗೆ ಬರುವುದು ದಿನಗಟ್ಟಲೆ ಬಿಟ್ಟು, ಅದನ್ನು ಕೊಳಕ್ಕೆ ಸುರಿಯಲು ಮನಸ್ಸು ಬರಲಿಲ್ಲ. ಬೋರಿನ ನೀರೇ ಗತಿ. ಅದು ಗಡಸು. ಗಡಸು ನೀರಿಗೆ ಪಿಎಚ್ (ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ) ಏರಿಸಲೆಂದು ಸೋಡಾ ಆ್ಯಶ್ ಒಮ್ಮೆಲೇ ಹಾಕಿದರೆ ಸುಣ್ಣ ಬಿಟ್ಟುಕೊಂಡು ಮಜ್ಜಿಗೆಯಂತಾಗುತ್ತದೆ, ತಿಳಿಯಾಗಲು ಫಿಲ್ಟರ್ ಎರಡು ದಿನ ಓಡಬೇಕಾಯಿತು. ಈಗ ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕುತ್ತೇನೆ. ಪಿಎಚ್ 7.4, ಕ್ಲೋರಿನ್ 1ರಿಂದ 2 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನಡುವೆ ನಿಂತಿದೆ.

ಬರುವವರು ಮೂರು ಮನೆಯವರು. ಎರಡು ವರ್ಷ ಮೂರು ತಿಂಗಳಿನ ನನ್ನ ಮಗಳು, ಹದಿನಾಲ್ಕು ತಿಂಗಳಿನ ನನ್ನ ತಮ್ಮನ ಮಗ, ಮೇಲಿನ ಮನೆಯ ಮೂರು ವರ್ಷದ ಹುಡುಗ. ಒಂದು ಕೂಸಿಗೆ ಒಬ್ಬರು ದೊಡ್ಡವರು, ಅವರೂ ನೀರೊಳಗೇ ಇರಬೇಕು, ಕೈಯಳತೆ ಬಿಟ್ಟು ದೂರ ಸರಿಯುವ ಹಾಗಿಲ್ಲ. ಏಳು ತಿಂಗಳ ಕೂಸನ್ನು ತರಲೇ ಎಂದು ಪರಿಚಯದವರೊಬ್ಬರು ಕೇಳಿದ್ದರು. ಬೆಚ್ಚಗಿನ ನೀರಿನಲ್ಲಿ ಆಡಿಸಲು ಅಡ್ಡಿಯಿಲ್ಲ, ಈಜು ಕಲಿಸಲು ಅಲ್ಲ ಎಂದೆ. ಅಲ್ಲಿಯ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2019ರಲ್ಲಿ ಹೇಳಿದ್ದೂ ಅದೇ. ಒಂದು ವರ್ಷದ ಸುಮಾರಿಗೆ ಪಾಠ ಶುರು ಮಾಡಿದರೆ ಮುಳುಗುವ ಅಪಾಯ ಕಡಿಮೆಯಾಗಬಹುದು, ಅದಕ್ಕಿಂತ ಚಿಕ್ಕ ಕೂಸುಗಳಿಗೆ ಅಂಥ ಲಾಭ ಇದೆ ಎನ್ನಲು ಆಧಾರವಿಲ್ಲ.

ಉಳಿದ ಪಾಠಗಳು ಸಲೀಸಾಗಿ ಬಂದವು. ತಲೆಯ ಮೇಲೆ ನೀರು ಹಾಕುವ ಮೊದಲು ಪ್ರತಿ ಸಲವೂ "ನೀರು ಬಂತು!" ಎಂದು ಒಂದೇ ರಾಗದಲ್ಲಿ ಹೇಳಿ, ಒಂದು ಕ್ಷಣ ತಡೆದು, ಆಮೇಲೆ ತಂಬಿಗೆ ಬಗ್ಗಿಸುತ್ತೇವೆ. ಮೂರನೇ ವಾರಕ್ಕೆ ಆ ಮಾತು ಕೇಳಿದೊಡನೆ ಮೂವರೂ ಕಣ್ಣು, ಬಾಯಿ ಮುಚ್ಚತೊಡಗಿದರು. ಒಂದು ದಿನ ಓಣಿಯಲ್ಲಿ ನಳ ಬಂದು ಎದುರುಮನೆಯ ಅಕ್ಕ "ನೀರು ಬಂತೂ!" ಎಂದು ಕೂಗಿದಾಗ ಮೇಲಿನ ಮನೆಯ ಹುಡುಗ ಮೆಟ್ಟಿಲ ಮೇಲೆ ನಿಂತಲ್ಲೇ ಕಣ್ಣು ಮುಚ್ಚಿ, ತುಟಿ ಬಿಗಿದು, ಎಷ್ಟು ಹೊತ್ತಾದರೂ ಬಾರದ ನೀರಿಗೆ ಕಾದನಂತೆ. ಕೊಳದ ಗೋಡೆ ಹಿಡಿದು ಒಂದೊಂದೇ ಕೈ ಸರಿಸುತ್ತ ಸುತ್ತುವುದೂ ಬಂತು. ಫ್ರೇಮ್ ಕೊಳದ ಅಂಚು ಚಿಕ್ಕ ಬೆರಳುಗಳಿಗೆ ಸಿಗುವುದಿಲ್ಲ, ಒಳಬದಿಗೆ ಮುಕ್ಕಾಲು ಇಂಚಿನ ಪೈಪ್ ಬಳೆಯಂತೆ ಕಟ್ಟಿ.

ಅಂಗಾತ ಮಲಗುವುದು ಮಾತ್ರ ಬರಲೊಲ್ಲದು. ಕಿವಿಗೆ ನೀರು ಸೋಕಿದ ಕೂಡಲೇ ಮಗಳು ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆ ಮಡಚಿ, ಓಣಿಗೆಲ್ಲ ಕೇಳುವಂತೆ ಚೀರುತ್ತಿದ್ದಳು. ಈ ವಯಸ್ಸಿನವರ ತಲೆ ಮೈಯ ಲೆಕ್ಕಕ್ಕೆ ದೊಡ್ಡದು. ಅದನ್ನು ನೀರಿನಿಂದ ಎತ್ತಿದರೆ ಆ ಭಾರವೆಲ್ಲ ಮೈಯನ್ನು ಕೆಳಗೆ ಒತ್ತುತ್ತದೆ, ಸೊಂಟ ಮುಳುಗುತ್ತದೆ. ಸೊಂಟ ಮುಳುಗಿದರೆ ಹೆದರಿಕೆ, ಹೆದರಿದರೆ ತಲೆ ಇನ್ನಷ್ಟು ಮೇಲೆ. ಈ ಸುತ್ತನ್ನು ಎಲ್ಲಿ ಕತ್ತರಿಸುವುದು? ಮೇಲೆ ಗೊಂಬೆ ತೂಗುಹಾಕಿದೆ, ಹಾಡು ಹೇಳಿದೆ, ತಮ್ಮ ಮಾವಿನ ಟೊಂಗೆಗೆ ಕನ್ನಡಿ ಕಟ್ಟಿದ. ಕನ್ನಡಿಯಲ್ಲಿ ಅಳುವ ಮುಖ ಕಂಡು ಇನ್ನಷ್ಟು ಅತ್ತಳು.

ನೀರಿನ ಮೇಲೆ ಮಲಗಿಸಲೆಂದು ತೇಲುವ ಫೋಮ್ ಚಾಪೆಯೊಂದನ್ನು ತರಿಸಿದೆ. ಬಂದ ದಿನದಿಂದ ಬಣ್ಣದ ನಾತ, ಎರಡನೇ ವಾರಕ್ಕೆ ಪುಡಿಪುಡಿಯಾಗಿ ಉದುರತೊಡಗಿ ಕೂಸಿನ ಬಾಯಿಗೆ ಹೋಗುವ ಹಾಗಾಯಿತು. ಅದರ ಜೊತೆ ಮಾರುವವರು ಪುಕ್ಕಟೆಯಾಗಿ ಕುತ್ತಿಗೆಗೆ ಹಾಕುವ ಗಾಳಿ ಟ್ಯೂಬ್ ಬೇರೆ ಕಳಿಸಿದ್ದರು. ಅದನ್ನು ಆ ದಿನವೇ ಕತ್ತರಿಸಿ ಕಸಕ್ಕೆ ಹಾಕಿದೆ. ಇಂಥ ಕುತ್ತಿಗೆ ಟ್ಯೂಬ್‌ಗಳ ಬಗ್ಗೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಗಾಳಿ ಸೋರಿದರೆ ಕೂಸು ಜಾರಿ ನೀರಿಗಿಳಿಯುತ್ತದೆ. ದಯವಿಟ್ಟು ಯಾರೂ ಬಳಸಬೇಡಿ.

ಐದನೇ ಭಾನುವಾರ ಮಗಳ ತುಟಿ ನೀಲಿಗಟ್ಟಿದ್ದು ಕಂಡೆ. ನೀರಿನಲ್ಲಿ ತೇಲುವ ಬಾತುಕೋಳಿ ಥರ್ಮಾಮೀಟರ್ 32 ಡಿಗ್ರಿ ತೋರಿಸುತ್ತಿತ್ತು. ಸಣ್ಣವರಿಗೆ ಬೇಕಾದದ್ದೂ ಅಷ್ಟೇ, ಹಾಗಿದ್ದ ಮೇಲೆ ತುಟಿ ನೀಲಿಯಾಗುವುದು ಹೇಗೆ? ಸಂಶಯ ಬಂದು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಕೊಳದಲ್ಲಿ ಅದ್ದಿದೆ. ಅದು ಸಾಮಾನ್ಯವಾಗಿ 32ಕ್ಕಿಂತ ಕೆಳಗೆ ಅಂಕಿ ತೋರಿಸದೆ 'ಲೋ' ಎನ್ನುತ್ತದೆ. ಎಷ್ಟು ಹೊತ್ತು ಹಿಡಿದರೂ 'ಲೋ'. ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಗೆಳತಿಯಿಂದ ಗಾಜಿನ ಥರ್ಮಾಮೀಟರ್ ತಂದೆ, ಐಸ್ ಪುಡಿ ಮಾಡಿದ ನೀರಿನಲ್ಲಿ ಸೊನ್ನೆ ಸರಿಯಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿ ಕೊಳಕ್ಕೆ ಇಳಿಬಿಟ್ಟೆ. 28.5! ಮೂರೂವರೆ ಡಿಗ್ರಿ ಸುಳ್ಳು. ಮಾರಿದವರಿಗೆ ಫೋನ್ ಮಾಡಿದರೆ "ಮೇಡಂ, ಅದು ಆಟದ ಸಾಮಾನು" ಎಂದರು. ಡಬ್ಬಿಯ ಮೇಲೆ ಹಾಗೆಂದು ಬರೆದಿರಲಿಲ್ಲ. ಐದು ವಾರ ಆ ಮಕ್ಕಳನ್ನು ಚಳಿಯಲ್ಲಿ ಕೂಡಿಸಿದೆನಲ್ಲ ಎಂದು ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಇಲ್ಲಿಂದ ಮುಂದಿನದು ಬಿಸಿಯ ಲೆಕ್ಕ. 4,400 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 5 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಅವ್ವನ ತಾಮ್ರದ ಹಂಡೆಯಲ್ಲಿ 40 ಲೀಟರ್ ಕುದಿಸಿ ಸುರಿದರೆ ಏರುವುದು ಬರೀ ಅರ್ಧ ಡಿಗ್ರಿ. ಹುಬ್ಬಳ್ಳಿಯ ಕೃಷಿ ಸಾಮಾನಿನ ಅಂಗಡಿಯಿಂದ 16 ಎಂಎಂ ಕರಿ ಲ್ಯಾಟರಲ್ ಪೈಪ್ ತಂದೆ, ಡ್ರಿಪ್‌ಗೆ ಹಾಕುವುದೇ, ತೂತಿಲ್ಲದ್ದು. 200 ಮೀಟರ್ ಪೈಪನ್ನು ಮಾಳಿಗೆಯ ಮೇಲೆ ಚಕ್ಕುಲಿ ಸುತ್ತಿದಂತೆ ಸುತ್ತಿ ಸಣ್ಣ ಪಂಪ್ ಹಚ್ಚಿದೆ. ಒಳ್ಳೇ ಬಿಸಿಲಿದ್ದರೆ ದಿನಕ್ಕೆ ಎರಡು ಡಿಗ್ರಿ. ಆದರೆ ಬೆಳಗಾಗುವುದರೊಳಗೆ ಗಳಿಸಿದ್ದೆಲ್ಲ ಹೋಗಿರುತ್ತಿತ್ತು! ಅಂಚಿಗೆ ಸ್ಕೇಲ್ ಅಂಟಿಸಿ ನೋಡಿದೆ, ಒಂದು ರಾತ್ರಿಗೆ ನೀರು 3 ಮಿ.ಮೀ. ಇಳಿದಿತ್ತು. ಕೇಳಲು ಏನೂ ಅಲ್ಲ, ಆದರೆ ಈ ಕೊಳದಲ್ಲಿ ಅದು 22 ಲೀಟರ್. ಒಂದು ಲೀಟರ್ ಆವಿಯಾಗಿ ಹೋಗುವಾಗ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ, ಒಟ್ಟು 15 ಯೂನಿಟ್, ಅಂದರೆ ಮೂರು ಡಿಗ್ರಿ. ಧಾರವಾಡದ ಒಣ ಚಳಿ ರಾತ್ರೋರಾತ್ರಿ ಕದ್ದೊಯ್ಯುತ್ತಿದ್ದದ್ದು ಹೀಗೆ.

ಮುಚ್ಚಳಕ್ಕೆ ಆರ್ಡರ್ ಹಾಕಿದೆ, ಹತ್ತು ಅಡಿಯದು ಕೇಳಿದರೆ ಎಂಟಡಿಯದು ಬಂತು. ತಿರುಗಿ ಕಳಿಸಿದರೆ ಮತ್ತೆ ಎಂಟಡಿಯದೇ. ಕಡೆಗೆ ಫ್ರಿಜ್ ಮಾರುವ ಅಂಗಡಿಯಲ್ಲಿ ಗುಳ್ಳೆ ಪ್ಲಾಸ್ಟಿಕ್ ಬೇಡಿ ತಂದು ಟೇಪ್ ಹಾಕಿ ಹೊಲಿದೆ, ಸಂಜೆ ಹೊದಿಸಿ ಬೆಳಿಗ್ಗೆ ತೆಗೆಯುವುದು. ಒಂದು ಮಾತು: ಯಾರಾದರೂ ನೀರಿಗಿಳಿಯುವ ಮೊದಲು ಹೊದಿಕೆಯನ್ನು ಪೂರ್ತಿ ತೆಗೆಯಿರಿ, ಅರ್ಧ ಮಡಚಿ ಬಿಡಬೇಡಿ. ಅದರ ಕೆಳಗೆ ಸರಿದ ಮಗು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಿತ್ತಲ ಬಾಗಿಲಿಗೆ ಚಿಲಕವನ್ನು ನನ್ನ ಭುಜದೆತ್ತರಕ್ಕೆ ಹಾಕಿಸಿದ್ದೇನೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು, ಗಾಜಿನ ಥರ್ಮಾಮೀಟರಿನಲ್ಲೇ 32 ಬಂತು. ಐದು ನಿಮಿಷಕ್ಕೆ ಅಳುತ್ತಿದ್ದ ಮಗಳು ಇಪ್ಪತ್ತು ನಿಮಿಷ ನಕ್ಕು ಆಡಿದಳು. ಅಂಗಾತ ಮಲಗಿಸಿದೆ. ಮತ್ತೆ ಅದೇ ಚೀರಾಟ.

ಹಬ್ಬಕ್ಕೆಂದು ಶಿರಹಟ್ಟಿ ಕಡೆಯ ನಮ್ಮೂರಿನಿಂದ ಅವ್ವ ಬಂದಿದ್ದಳು. ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ, ಕಾಲು ಚಾಚಿ ಕೂತು, ಕಣಕಾಲ ಮೇಲೆ ಮಲಗಿಸಿಕೊಂಡು ಎರೆದವಳು. ಮಣೆ ಹಾಕಿಕೊಂಡು ದಂಡೆಯಲ್ಲಿ ಕೂತು ಒಂದು ತಾಸು ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು, "ಅಲ್ಲವಾ, ಕೂಸು ಮಲಗಿಸೂ ಮುಂದ ನೀ ಯಾಕ ಉಸರ ಹಿಡೀತಿ?"

ನಾನು ಉಸಿರು ಹಿಡಿಯುತ್ತಿದ್ದೆನೇ? ತಮ್ಮ ತೆಗೆದಿದ್ದ ವಿಡಿಯೊ ನೋಡಿದೆ. ಹೌದು. ಹುಬ್ಬು ಗಂಟು, ಹೆಗಲು ಕಿವಿಯ ತನಕ ಏರಿದೆ, ಬೆರಳು ಅವಳ ಕತ್ತಿಗೆ ಒತ್ತಿವೆ. ಅವ್ವ ಬಿಡಲಿಲ್ಲ. "ಮತ್ತ ನಿನ್ನ ಮಾರಿ ಅಕೀಗೆ ಉಲ್ಟಾ ಕಾಣ್ತೈತಿ. ನೆತ್ತಿ ಮ್ಯಾಲ ಬಗ್ಗಿ ನಿಂತರ ಯಾರಿಗರ ಅಂಜಿಕಿ ಬರಂಗಿಲ್ಲೇನು? ಎರಿಯೂ ಮುಂದ ಎರಡೂ ಕಿವಿಗೆ ಒಮ್ಮಿಗೇ ನೀರ ಬಿಡ್ತಾರೇನು? ಒಂದೊಂದ ಕಿವಿ. ಕೂಸು ಎದಿಗೆ ಆತಿರಬೇಕು. ಅದಕ್ಕ ನಿನ್ನ ದನಿ ಕೇಳಬೇಕು."

ಹಾಗೇ ಮಾಡಿದೆ. ಕೊಳದ ತಳದಲ್ಲಿ ಕೂತು ಹಿಂದಕ್ಕೆ ಒರಗಿದರೆ ನೀರು ನನ್ನ ಕೊರಳಿಗೆ ಬರುತ್ತದೆ. ಅವಳ ಬೆನ್ನು ನನ್ನ ಎದೆಗೆ, ಅವಳ ತಲೆ ನನ್ನ ಹೆಗಲಿಗೆ, ಕೆನ್ನೆಗೆ ಕೆನ್ನೆ. ಇಬ್ಬರೂ ಮಾವಿನ ಎಲೆ ನೋಡುತ್ತ ಮಲಗಿದೆವು. ನಾನು "ಹೂಂ" ಎಂದು ಗಂಟಲೊಳಗೇ ಉದ್ದಕ್ಕೆ ಗುನುಗಿದೆ, ದನಿ ಹೊರಡುವಾಗ ಉಸಿರು ಹಿಡಿಯಲು ಬರುವುದೇ ಇಲ್ಲ. ಬಲಗಿವಿ ನೀರಿಗಿಳಿಯಿತು. ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಿವಿ. ತಲೆ ಎತ್ತಲು ಹೊರಟವಳು ನಡುವೆ ನಿಂತಳು. ಗುನುಗು ಅವಳಿಗೆ ನೀರೊಳಗಿಂದ, ನನ್ನ ಎಲುಬಿನಿಂದ ಕೇಳುತ್ತಿತ್ತು. ಕಣ್ಣರಳಿಸಿ, "ಮತ್ತ?" ಎಂದಳು.

ಆ ದಿನ ಅಷ್ಟೇ. ಮುಂದಿನ ವಾರ ಎದೆಯಿಂದ ಮುಂಗೈಗೆ ಸರಿಸಿದೆ, ಅದರ ಮುಂದಿನ ವಾರ ಅಂಗೈಗೆ, ಆಮೇಲೆ ಭುಜದ ರೆಕ್ಕೆಗಳ ನಡುವೆ ಎರಡು ಬೆರಳಿಗೆ. ತಲೆಗೆ ಕೈ ಹಚ್ಚಲೇ ಇಲ್ಲ. ಬೆರಳು ತೆಗೆದದ್ದು ನಿನ್ನೆ. ತಮ್ಮನೂ ಇದೇ ರೀತಿ ಗುನುಗಿದ. ಅವನ ಮಗ ಮೂರು ನಿಮಿಷಕ್ಕೆ ಅವನ ಎದೆಯ ಮೇಲೆ ನೀರಲ್ಲೇ ತೂಕಡಿಸಿದ. ತಮ್ಮ ಈಸು ಕಲಿತದ್ದು ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿಕೊಂಡು, ಕಾಕಾ ಬಾವಿಗೆ ದೂಡಿದ ಮೇಲೆ. ಈಗಲೂ ಬಾವಿಯ ಮೆಟ್ಟಿಲಿಳಿಯುವಾಗ ಅವನ ಕೈ ಗೋಡೆ ಹುಡುಕುತ್ತದೆ.

ಬೆಂಡಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ. ಈಜು ಕಲಿಸುವ ಹುಚ್ಚು ಹತ್ತಿದ್ದೇ ಊರ ಹೊಲದ ಕೃಷಿ ಹೊಂಡದಿಂದ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಬಹಳ ಹೊಲಗಳಲ್ಲಿ ಹೊಂಡಗಳಾದವು, ಬೆಳೆಗೆ ಅವು ಜೀವ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಇಳಿಜಾರಿನಲ್ಲಿ ಕಾಲಿಟ್ಟವರು ದೊಡ್ಡವರಾದರೂ ಹತ್ತಿ ಬರುವುದು ಕಷ್ಟ. ನಮ್ಮ ಹೊಂಡಕ್ಕೆ ಮಾಡಬೇಕೆಂದಿರುವುದು ಇಷ್ಟು: ನಾಲ್ಕೂ ಬದಿಗೆ ಬೇಲಿ, ಒಳಗೆ ನಾಲ್ಕು ಕಡೆ ಹಳೇ ಟೈರುಗಳನ್ನು ಹಗ್ಗಕ್ಕೆ ಪೋಣಿಸಿ ತಳದ ತನಕ ಇಳಿಬಿಟ್ಟ ಏಣಿ, ದಂಡೆಯ ಗೂಟಕ್ಕೆ ಒಂದು ಗಾಳಿ ತುಂಬಿದ ಟ್ಯೂಬ್. ಹಗ್ಗ ನೈಲಾನಿನದೋ ಪಿಪಿಯದೋ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್), ಬಿಸಿಲಿಗೆ ಯಾವುದು ಹೆಚ್ಚು ಬಾಳುತ್ತದೆ ಎಂದು ಅನುಭವ ಇದ್ದವರು ತಿಳಿಸಿ. ಟೈರುಗಳನ್ನು ಹಾವೇರಿಯ ಪಂಕ್ಚರ್ ಅಂಗಡಿಯವರೊಬ್ಬರು ಕೊಡುತ್ತೇನೆಂದಿದ್ದಾರೆ.

ಮಗಳು 14 ಸೆಕೆಂಡ್ ತೇಲಿದಳೆಂದು ಹೊಂಡದ ಹತ್ತಿರ ಅವಳ ಕೈ ಬಿಡುವವಳಲ್ಲ ನಾನು. ಈಗ ಹಿಡಿದಿರುವುದು ಬೋರಲು ಬಿದ್ದಾಗ ಹೊರಳಿ ಅಂಗಾತವಾಗುವುದು, ಅಲ್ಲಿಂದ ಪೈಪಿನ ಬಳೆ ಹಿಡಿಯುವುದು. ಮೇಲಿನ ಮನೆಯ ಹುಡುಗ ಹೊರಳುತ್ತಾನೆ, ಹೊರಳಿದ ಮೇಲೆ ಎತ್ತ ಹೋಗಬೇಕೆಂದು ತಿಳಿಯದೆ ನಗುತ್ತಾನೆ. ನಕ್ಕರೆ ಬಾಯಿಗೆ ನೀರು. ಅವನಿಗೆ ಕಾಣುವಂತೆ ಪೈಪಿಗೆ ಕೆಂಪು ರಿಬ್ಬನ್ ಸುತ್ತಬೇಕು.

ಇವತ್ತು ಮೋಡ. ಸಂಜೆ ಐದಕ್ಕೆ ನೀರು 30.5. ಹೀಗೇ ಮುಂದುವರಿದರೆ ಭಾನುವಾರಕ್ಕೆ ಮೂರು ಹಂಡೆಯಾದರೂ ಕಾಸಬೇಕು. ಅವ್ವ ಆಗಲೇ ತೆಂಗಿನ ಗರಿ ಒಟ್ಟಿ ಇಟ್ಟಿದ್ದಾಳೆ.