ಹೊರಗಿನ ಬ್ರೇಕ್ ಪ್ಯಾಡ್ ದಪ್ಪಗಿತ್ತು, ಒಳಗಿನದು ಸವೆದಿತ್ತು

ಕಳೆದ ತಿಂಗಳು ಕಾರು ನಿಲ್ಲಿಸಿ ಇಳಿಯುವಾಗ ಮಗಳು, "ಅಪ್ಪಾ, ಏನೋ ಸುಟ್ಟ ವಾಸನೆ" ಅಂದಳು. ಮುಂದಿನ ಎಡ ಚಕ್ರದ ಹತ್ತಿರ ಕೈ ಒಯ್ದೆ. ಮುಟ್ಟಲಿಲ್ಲ, ಸುಮ್ನೆ ಹಿಡಿದೆ. ಒಲೆ ಮುಂದೆ ಹಿಡಿದ ಹಾಗಿತ್ತು. ಬಲಗಡೆಯದು ಬರೀ ಬೆಚ್ಚಗಿತ್ತು.

ಅದಕ್ಕೂ ಎರಡು ವಾರ ಮುಂಚಿನಿಂದ ಬ್ರೇಕ್ ಒತ್ತಿದಾಗ ಕೀಂಚ್ ಅಂತ ಸದ್ದು ಬರುತ್ತಿತ್ತು. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದ್ದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್, ಅದನ್ನು ಎರಡೂ ಬದಿಯಿಂದ ಅಮುಕಿ ನಿಲ್ಲಿಸುವ ಪಟ್ಟಿಗಳೇ ಪ್ಯಾಡ್. ಆ ಪ್ಯಾಡ್ ದಪ್ಪಗೇ ಕಾಣಿಸಿತ್ತು. ಮಳೆಗೆ ಡಿಸ್ಕ್ ಮೇಲೆ ಕೂತ ತುಕ್ಕಿನ ಸದ್ದು ಇರಬೇಕು ಅಂತ ಬಿಟ್ಟೆ. ಆದರೆ ತುಕ್ಕಿನ ಸದ್ದು ನಾಲ್ಕೈದು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಇದು ಹೋಗಿರಲಿಲ್ಲ. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕಿರುಚುತ್ತದೆ, ನಮ್ಮನ್ನು ಎಚ್ಚರಿಸೋಕೇ ಇಟ್ಟದ್ದು. ಕೇಳಿಸಿಕೊಳ್ಳದಿದ್ದರೆ ಮುಂದೆ ಕರಕರ ಸದ್ದು. ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಡಿಸ್ಕ್ ಕೂಡ ಹಾಳು.

ಚಕ್ರ ತಣ್ಣಗಾದ ಮೇಲೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ ಗಾಡಿಯ ಅಡಿಗೆ ಆಧಾರದ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ಜಾರಿದರೆ ಮುಗಿಯಿತು. ಚಕ್ರ ಬಿಚ್ಚಿ ನೋಡಿದರೆ ಹೊರಗಿನ ಪ್ಯಾಡ್ 7 ಮಿ.ಮೀ. ಹತ್ತಿರ ಇತ್ತು. ಒಳಗಿನದು 2 ಮಿ.ಮೀ. ಕೂಡ ಇರಲಿಲ್ಲ! ಸಾಮಾನ್ಯವಾಗಿ 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಬೇಕು.

ಕಾರಣ ಕ್ಯಾಲಿಪರ್‌ನಲ್ಲಿತ್ತು, ಅಂದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗದಲ್ಲಿ. ನನ್ನ ಕಾರಿನ ತರದ ಕ್ಯಾಲಿಪರ್‌ನಲ್ಲಿ, ಬ್ರೇಕ್ ಒತ್ತಿದಾಗ ಮುಂದೆ ಬರುವ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ, ಕ್ಯಾಲಿಪರ್ ತನ್ನ ಪಿನ್‌ಗಳ ಮೇಲೆ ಜಾರಿ ಹೊರಗಿನದನ್ನೂ ಎಳೆದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಒಂದು ಪಿನ್‌ನ ರಬ್ಬರ್ ಹರಿದು, ನೀರು ಹೋಗಿ, ಪಿನ್ ಹಿಡಿದುಕೊಂಡಿತ್ತು. ಕೈಯಲ್ಲಿ ಅಲ್ಲಾಡಿಸಿದರೆ ಕ್ಯಾಲಿಪರ್ ಕದಲಲಿಲ್ಲ. ಹಾಗಾಗಿ ಒಳಗಿನ ಪ್ಯಾಡೇ ಹೊರೆಯೆಲ್ಲ ಹೊತ್ತಿತ್ತು, ಬ್ರೇಕ್ ಬಿಟ್ಟ ಮೇಲೂ ಡಿಸ್ಕ್‌ಗೆ ತಾಗಿಕೊಂಡೇ ಇತ್ತು. ಆ ಬಿಸಿ, ಆ ವಾಸನೆ ಅದರದ್ದೇ.

ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ. ಅವರು ಹೊಸ ಪಿನ್, ರಬ್ಬರ್ ಹಾಕಿ, ಎರಡೂ ಮುಂದಿನ ಚಕ್ರಗಳ ಪ್ಯಾಡ್ ಒಟ್ಟಿಗೇ ಬದಲಾಯಿಸಿದರು. ಒಂದೇ ಕಡೆ ಬದಲಾಯಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು.

ಉಳಿದ ತೊಂದರೆಗಳ ಸುಳಿವು ಕಾಲಿಗೇ ಸಿಗುತ್ತದೆ. ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿದರೆ ಡಿಸ್ಕ್‌ನ ದಪ್ಪ ಒಂದೇ ಸಮ ಇಲ್ಲದಿರಬಹುದು. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಹೋಗುವ ಪೈಪಿನಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಸೋರಿಕೆ. ಆ ಗಾಡಿಯನ್ನು ದಯವಿಟ್ಟು ರಸ್ತೆಗಿಳಿಸಬೇಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿಯಿರಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ, ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ, ಇಳಿಯದಿದ್ದರೆ ಅಲ್ಲೇ ಅನುಮಾನ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ತಕ್ಷಣ ತುಂಬಿಸುವ ಅವಸರ ಬೇಡ. ಪ್ಯಾಡ್ ಸವೆದಂತೆ ಅದು ತಾನಾಗಿ ಇಳಿಯುತ್ತದೆ, ಮೊದಲು ಪ್ಯಾಡ್ ನೋಡಿ. ಪ್ಯಾಡ್ ಚೆನ್ನಾಗಿದ್ದೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಈಗ ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮೊಬೈಲನ್ನು ಚಕ್ರದ ಹಿಂದೆ ತೂರಿಸಿ ಒಳಗಿನ ಪ್ಯಾಡ್‌ನ ಫೋಟೊ ತೆಗೆಯುತ್ತೇನೆ. ಟಾರ್ಚ್ ಹಿಡಿಯುವುದು ಮಗಳ ಕೆಲಸ.