ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದೆ, ಸರಿ. ಟೆಸ್ಟ್ ಮಾಡಿಸಿದ್ದು ಯಾವಾಗ?

ನಲ್ಲಿ ನೀರು ಯಾವಾಗಲೂ ಒಂದೇ ಕಡೆಗೆ ಹರಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಪೈಪಿಗೆ ಹಿಂದೆ ಮುಂದೆ ಅಂತ ಏನೂ ಇಲ್ಲ. ಪ್ರೆಶರ್ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ಹೋಗುತ್ತದೆ, ಅಷ್ಟೇ. ಬೀದಿಯ ಮೇನ್ ಲೈನ್ ಒಡೆದರೆ, ಅಥವಾ ಬೆಂಕಿ ಆರಿಸುವವರು ಹತ್ತಿರದ ಹೈಡ್ರೆಂಟ್‌ನಿಂದ ಜೋರಾಗಿ ನೀರು ಎಳೆದರೆ, ಲೈನಿನಲ್ಲಿ ಪ್ರೆಶರ್ ಕುಸಿಯುತ್ತದೆ. ಅದೇ ಹೊತ್ತಿಗೆ ನಿಮ್ಮ ಹೋಸ್ ಪೈಪಿನ ತುದಿ ಸೋಪು ನೀರಿನ ಬಕೆಟ್‌ನಲ್ಲೋ, ಗಿಡಕ್ಕೆ ಹೊಡೆಯುವ ಔಷಧಿಯ ಡ್ರಮ್ಮಿನಲ್ಲೋ ಮುಳುಗಿದ್ದು, ನಲ್ಲಿ ತೆರೆದೇ ಇದ್ದರೆ, ಅದರಲ್ಲಿರುವುದು ಮನೆಯ ಪೈಪಿಗೆ, ಅಲ್ಲಿಂದ ಬೀದಿ ಲೈನಿಗೆ, ಅಲ್ಲಿಂದ ಪಕ್ಕದ ಮನೆಯವರ ಲೋಟಕ್ಕೂ ಹೋಗಬಹುದು. ಇದು ಹೀರಿಕೊಳ್ಳುವ ಬಗೆ. ಇನ್ನೊಂದು ತಳ್ಳುವ ಬಗೆ: ಕಟ್ಟಡದ ಬೂಸ್ಟರ್ ಪಂಪೋ ಬಾಯ್ಲರೋ ಬೀದಿ ಲೈನಿಗಿಂತ ಜಾಸ್ತಿ ಪ್ರೆಶರ್ ಕಟ್ಟಿದರೆ, ಒಳಗಿನ ನೀರು ಹೊರಗಿನ ಲೈನಿಗೆ ನುಗ್ಗುತ್ತದೆ.

ಸುಮ್ನೆ ಹೆದರಿಸುತ್ತಿದ್ದೇನೆ ಅನ್ನಿಸಿದರೆ 1969ರ ಒಂದು ಪ್ರಕರಣ ನೋಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡ ಅಭ್ಯಾಸ ಮಾಡುತ್ತಿತ್ತು. ಹತ್ತಿರದಲ್ಲಿ ಬೆಂಕಿ ಬಿದ್ದು, ಅದನ್ನು ಆರಿಸುವಾಗ ನೀರಿನ ಪ್ರೆಶರ್ ಇಳಿಯಿತು. ಮೈದಾನಕ್ಕೆ ನೀರು ಬಿಡುವ ಸ್ಪ್ರಿಂಕ್ಲರ್ ಗುಂಡಿಗಳಲ್ಲಿ ನಿಂತಿದ್ದ ಕೊಳೆ ನೀರು ಕುಡಿಯುವ ನಲ್ಲಿಯ ಲೈನಿಗೆ ಸೇರಿತು. ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹೆಪಟೈಟಿಸ್ ಸೋಂಕು. ಎರಡು ಪಂದ್ಯ ಆಡಿ ಇಡೀ ಸೀಸನ್ ಕೈಬಿಡಬೇಕಾಯಿತು.

ಇದನ್ನೆಲ್ಲ ಹೇಳಿದರೆ ಬರುವ ಉತ್ತರ ಒಂದೇ, "ನಮ್ಮಲ್ಲಿ ಚೆಕ್ ವಾಲ್ವ್ ಇದೆ". ಇರಲಿ. ಅದರೊಳಗೆ ಇರುವುದು ಒಂದು ಸ್ಪ್ರಿಂಗು, ಒಂದು ಬಿಲ್ಲೆ, ಅದು ಕೂರುವ ರಬ್ಬರ್ ಸೀಟು. ಸೀಟಿನ ಮೇಲೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ತಮಾಷೆ ಅಂದರೆ, ಹಾಗೆ ಕೆಟ್ಟಿದ್ದರೂ ನಲ್ಲಿಯಲ್ಲಿ ನೀರು ಚೆನ್ನಾಗಿಯೇ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಟೆಸ್ಟ್ ಮಾಡಲು ಗೇಜ್ ಸಿಕ್ಕಿಸುವ ಪುಟ್ಟ ನಲ್ಲಿಗಳು, ಅಂದರೆ ಕಾಕ್‌ಗಳೇ ಇಲ್ಲದ ವಾಲ್ವ್ ಮೇಲೆ ನನಗಂತೂ ನಂಬಿಕೆ ಕಡಿಮೆ.

ಟೆಸ್ಟೇ ಬೇಡದ ಉಪಾಯವೂ ಒಂದಿದೆ, ಗಾಳಿಯ ಅಂತರ. ನಲ್ಲಿಯ ಬಾಯಿಗೂ ಸಿಂಕ್ ಅಥವಾ ಟ್ಯಾಂಕಿನ ಅಂಚಿಗೂ ನಡುವೆ ಬಾಯಿಯ ಅಗಲದ ಎರಡರಷ್ಟು ಜಾಗ ಬಿಡಬೇಕು, ಕಡಿಮೆ ಅಂದರೂ 25 ಮಿ.ಮೀ. ಕೆಡುವ ಭಾಗವೇ ಇಲ್ಲ. ಆದರೆ ಅದೇ ನಲ್ಲಿಗೆ ಒಂದು ತುಂಡು ಪೈಪು ಸಿಕ್ಕಿಸಿ ನೀರಿನೊಳಗೆ ಇಳಿಬಿಟ್ಟರೆ ಎಲ್ಲ ಮುಗಿಯಿತು. ಹೊರಗಿನ ನಲ್ಲಿಗಳಿಗೆ ತಿರುಗಿಸಿ ಹಾಕುವ ಪುಟ್ಟ ವ್ಯಾಕ್ಯೂಮ್ ಬ್ರೇಕರ್ (ಗಾಳಿ ಒಳಬಿಟ್ಟು ಹೀರುವಿಕೆ ತಪ್ಪಿಸುವ ಸಾಧನ) ಸಿಗುತ್ತದೆ, ಮನೆಯವರು ಮೊದಲು ಅದನ್ನು ಹಾಕಿಕೊಳ್ಳಿ. ಹೋಸ್ ತುದಿಯ ನಾಜಲ್ ಮುಚ್ಚಿ, ನಲ್ಲಿ ತೆರೆದು ಹಾಗೇ ದಿನಗಟ್ಟಲೆ ಬಿಡಬೇಡಿ, ಆ ಬ್ರೇಕರ್ ಸದಾ ಪ್ರೆಶರ್ ತಡೆಯಲು ಮಾಡಿದ್ದಲ್ಲ.

ಅಪಾಯ ಕಡಿಮೆ ಇರುವ ಕಡೆ ಡಬಲ್ ಚೆಕ್, ಅಂದರೆ ಒಂದರ ಹಿಂದೆ ಒಂದು ಎರಡು ಚೆಕ್ ವಾಲ್ವ್, ಸಾಕು. ಆಸ್ಪತ್ರೆ, ಲ್ಯಾಬ್, ಕೆಮಿಕಲ್ ಬೆರೆಸುವ ಕಾರ್ಖಾನೆ, ಗೊಬ್ಬರ ಸೇರಿಸುವ ಡ್ರಿಪ್ ಲೈನ್, ಇಂಥ ಕಡೆ ಆರ್‌ಪಿಝೆಡ್ (ರೆಡ್ಯೂಸ್ಡ್ ಪ್ರೆಶರ್ ಝೋನ್, ನಡುವೆ ಪ್ರೆಶರ್ ಕಡಿಮೆ ಇಟ್ಟು ತಡೆಯುವ ಸಾಧನ) ಬೇಕು. ಅದರಲ್ಲಿ ಎರಡು ಚೆಕ್ ವಾಲ್ವ್, ನಡುವೆ ಒಂದು ಕೋಣೆ, ಕೋಣೆಯ ಕೆಳಗೆ ರಿಲೀಫ್ ವಾಲ್ವ್. ಕೋಣೆಯಲ್ಲಿ ಪ್ರೆಶರ್ ಯಾವಾಗಲೂ ನೀರು ಒಳಬರುವ ಲೈನಿಗಿಂತ ಕಡಿಮೆ ಇರಬೇಕು. ಆ ವ್ಯತ್ಯಾಸ 2 ಪಿಎಸ್‌ಐಗೆ (ಪ್ರೆಶರ್ ಅಳೆಯುವ ಮಾನ) ಇಳಿಯುವುದರೊಳಗೆ ರಿಲೀಫ್ ತೆರೆದು ನೀರನ್ನು ನೆಲಕ್ಕೆ ಚೆಲ್ಲುತ್ತದೆ. ಕುಡಿಯುವ ಲೈನಿಗೆ ಹೋಗುವುದಕ್ಕಿಂತ ನೆಲಕ್ಕೆ ಹೋದರೆ ವಾಸಿ ಅಲ್ವಾ? ಅದಕ್ಕೇ ಇದನ್ನು ಗುಂಡಿಯೊಳಗೆ ಕೂರಿಸಬಾರದು. ಗುಂಡಿ ತುಂಬಿ ರಿಲೀಫ್ ಬಾಯಿ ಮುಳುಗಿದರೆ, ಕೊಳೆ ನೀರಿಗೆ ನಾವೇ ಬಾಗಿಲು ಇಟ್ಟ ಹಾಗೆ. ತೊಟ್ಟಿಕ್ಕುತ್ತದೆ ಅಂತ ಆ ಬಾಯಿಗೆ ಬಿರಡೆ ಜಡಿಯುವವರೂ ಇದ್ದಾರೆ, ಅವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಈ ಆರ್‌ಪಿಝೆಡ್‌ನ ಟೆಸ್ಟ್ ನೋಡಲು ಚೆನ್ನಾಗಿರುತ್ತದೆ. ಟೆಸ್ಟರ್ ಹೊರಹೋಗುವ ಕಡೆಯ ವಾಲ್ವ್ ಮುಚ್ಚುತ್ತಾರೆ (ಅಷ್ಟು ಹೊತ್ತು ಕಟ್ಟಡದಲ್ಲಿ ನೀರು ಬರುವುದಿಲ್ಲ, ಮೊದಲೇ ಎಲ್ಲರಿಗೂ ತಿಳಿಸಿ). ನಾಲ್ಕು ಟೆಸ್ಟ್ ಕಾಕ್‌ಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಎರಡರ ಪ್ರೆಶರ್ ವ್ಯತ್ಯಾಸ ತೋರಿಸುವ ಗೇಜಿನ ಹೋಸ್ ಕಟ್ಟಿ, ಅದರೊಳಗಿನ ಗಾಳಿ ಹೊರಬಿಟ್ಟು, ಜಾಸ್ತಿ ಪ್ರೆಶರ್ ಕಡೆಯಿಂದ ಕಡಿಮೆ ಕಡೆಗೆ ತೀರಾ ನಿಧಾನ ನೀರು ಹಾಯಿಸುತ್ತಾರೆ. ಗೇಜಿನ ಮುಳ್ಳು ಇಳಿಯುತ್ತಾ ಬರುತ್ತದೆ. ಇನ್ನೊಂದು ಕೈ ರಿಲೀಫ್ ಬಾಯಿಯ ಕೆಳಗೆ. ಮೊದಲ ಹನಿ ಅಂಗೈಗೆ ಬಿದ್ದ ಕ್ಷಣ ಮುಳ್ಳು ಎಲ್ಲಿದೆಯೋ ಅದೇ ಲೆಕ್ಕ. 2ಕ್ಕಿಂತ ಕಡಿಮೆ ಇದ್ದರೆ ಫೇಲ್. ಎರಡನೇ ಚೆಕ್ ಹಿಂದಿನ ಪ್ರೆಶರ್ ತಡೆಯುತ್ತದಾ, ಮೊದಲನೆಯದು ಎಷ್ಟು ಹಿಡಿಯುತ್ತದೆ ಅಂತಲೂ ನೋಡುತ್ತಾರೆ.

ವರ್ಷಕ್ಕೊಮ್ಮೆ, ರಿಪೇರಿ ಆದಮೇಲೆ, ಜಾಗ ಬದಲಿಸಿದ ಮೇಲೆ ಟೆಸ್ಟ್ ಆಗಲೇಬೇಕು. ಹೊಸದನ್ನು ಕೂರಿಸುವ ಮುಂಚೆ ಲೈನ್ ತೊಳೆಸಿ, ಇಲ್ಲದಿದ್ದರೆ ಪೈಪಿನ ಕಸವೆಲ್ಲ ಮೊದಲ ದಿನವೇ ಸೀಟಿನ ಮೇಲೆ ಬಂದು ಕೂರುತ್ತದೆ. ಹೊಸದಾಗಿ ಹಾಕಿಸಿದ ಮೇಲೆ ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕಲು ಶುರುವಾದರೆ ಗೀಸರನ್ನು ಬೈಯಬೇಡಿ. ಕಾದು ಹಿಗ್ಗಿದ ನೀರು ಮೊದಲು ಮೇನ್ ಲೈನಿಗೆ ವಾಪಸ್ ಹೋಗುತ್ತಿತ್ತು, ಈಗ ದಾರಿ ಬಂದ್. ಹಿಗ್ಗಿದ ನೀರಿಗೆ ಜಾಗ ಕೊಡುವ ಒಂದು ಎಕ್ಸ್‌ಪಾನ್ಶನ್ ಟ್ಯಾಂಕ್ ಹಾಕಿಸಿ.

ರಿಪೋರ್ಟ್ ಕೈಗೆ ಬಂದಾಗ "ಪಾಸ್" ಅನ್ನುವುದನ್ನು ಮಾತ್ರ ನೋಡಿ ಫೈಲಿಗೆ ಸೇರಿಸಬೇಡಿ, ರೀಡಿಂಗ್ ಕೇಳಿ ಬರೆಸಿಕೊಳ್ಳಿ. ರಿಲೀಫ್ ಹೋದ ವರ್ಷ 3ಕ್ಕೆ ತೆರೆದು ಈ ವರ್ಷ 2.2ಕ್ಕೆ ತೆರೆದಿದ್ದರೆ ಅದೂ ಪಾಸೇ, ಆದರೆ ನಾನಾದರೆ ಅವತ್ತೇ ಒಳಗಿನ ರಬ್ಬರ್ ಕಿಟ್ ಬದಲಿಸಿ ಇನ್ನೊಮ್ಮೆ ಗೇಜ್ ಹಾಕಿಸುತ್ತೇನೆ.