ಆರು ಗಂಟೆ ಯಾಕೆ ಕಾದರು?

ಮಂಗಳವಾರ ರಾತ್ರಿ. ಕುಕ್ಕರ್ ಎರಡನೇ ಸೀಟಿ ಹಾಕಿತ್ತು. ಮಗಳು ಅಡುಗೆ ಕಟ್ಟೆ ಹತ್ತಿ ಕೂತು ಸಮಾಜ ವಿಜ್ಞಾನದ ಕಿರುಪರೀಕ್ಷೆಯ ಹಾಳೆ ತೋರಿಸಿದಳು. ಅರ್ಧ ಅಂಕ ಹೋಗಿತ್ತು. ಮೊದಲ ಮಹಾಯುದ್ಧಕ್ಕೆ ಕಿಡಿಯಾದ, ಸರಾಯೆವೊ ಊರಿನಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ ನಡೆದದ್ದು 1914ರ ಜೂನ್ 28. ಇವಳು 1919ರ ಜೂನ್ 28 ಅಂತ ಬರೆದಿದ್ದಳು. ಅದು ಯುದ್ಧ ಮುಗಿದ ಮೇಲೆ ಜರ್ಮನಿಯ ಜೊತೆ ವರ್ಸೇಲ್ಸ್ ಶಾಂತಿ ಒಪ್ಪಂದ ಆದ ದಿನ. ಸರಿಯಾಗಿ ಐದು ವರ್ಷ ಬಿಟ್ಟು ಅದೇ ತಾರೀಖು! ಯಾರಿಗಾದರೂ ಗಲಿಬಿಲಿ ಆಗುತ್ತೆ, ಅಲ್ವಾ? ಟ್ಯೂಷನ್ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಎರಡು ಆಶ್ಚರ್ಯ ಚಿಹ್ನೆ ಬೇರೆ ಹಾಕಿದ್ದರು. ಒಂದು ಸಾಲದಾಗಿತ್ತೇ?

ಅವಳಿಗೆ ಅಂಕದ ಚಿಂತೆ ಅಷ್ಟಿರಲಿಲ್ಲ.

"ಅಮ್ಮ, ಯುದ್ಧ ನಿಲ್ಸೋಕೆ ಬೆಳಿಗ್ಗೆ ಐದಕ್ಕೇ ಸಹಿ ಆಗಿತ್ತಂತೆ. ನಿಲ್ಸಿದ್ದು ಹನ್ನೊಂದಕ್ಕೆ. ಆರು ಗಂಟೆ ಯಾಕೆ ಕಾದ್ರು?"

"ಎಲ್ಲಾ ಕಡೆ ಸುದ್ದಿ ಮುಟ್ಟಬೇಕಲ್ಲೇ."

"ಮುಟ್ಟಿದ ಮೇಲೆ?"

ಮೂರನೇ ಸೀಟಿ ಆಯಿತು. ಗ್ಯಾಸ್ ಆಫ್ ಮಾಡಿದೆ. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಮೊದಲ ಮಹಾಯುದ್ಧದ ಕಾರಣಗಳು ಒಂದರಿಂದ ಎಂಟರವರೆಗೆ ಈಗಲೂ ಬಾಯಿಗೆ ಬರುತ್ತವೆ. ಆದರೆ ಅದು ಮುಗಿದ ದಿನದ ಬೆಳಿಗ್ಗೆ ಏನಾಯಿತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. "ಮುಟ್ಟಿದ ಮೇಲೆ?" ಅನ್ನುವ ಮಾತೇ ಕಿವಿಯಲ್ಲಿ. ಎದ್ದು ಕೂತು ಹಳೆಯ ಪುಸ್ತಕ, ಫೋನು ಎರಡನ್ನೂ ತೆಗೆದೆ.

ಯುದ್ಧ ಶುರುವಾದ ಕತೆಯಲ್ಲಿ ಯಾರೂ ಕಾದಿಲ್ಲ. ಅವತ್ತು ಬೆಳಿಗ್ಗೆ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮೇಲೆ ಒಬ್ಬ ಬಾಂಬ್ ಎಸೆದಿದ್ದ. ಅದು ಗುರಿ ತಪ್ಪಿ ಹಿಂದಿನ ಕಾರಿನವರಿಗೆ ಗಾಯವಾಯಿತು. ಗಾಯಾಳುಗಳನ್ನು ನೋಡೋಕೆ ಆಸ್ಪತ್ರೆಗೆ ಹೋಗೋಣ ಅಂತ ಯುವರಾಜ ಹೊರಟ. ದಾರಿ ಬದಲಾಗಿದ್ದನ್ನು ಡ್ರೈವರ್‌ಗೆ ಯಾರೂ ಹೇಳಲಿಲ್ಲ. ಅವನು ಮೊದಲಿನ ದಾರಿಗೇ ತಿರುಗಿಸಿದ. "ಇದಲ್ಲ, ಇದಲ್ಲ" ಅಂತ ಕೂಗಿದಾಗ ಕಾರು ನಿಲ್ಲಿಸಿದ. ನಿಂತ ಜಾಗದಲ್ಲೇ ಗಾವ್ರಿಲೊ ಪ್ರಿನ್ಸಿಪ್ ಇದ್ದ. ಬಾಂಬ್ ಎಸೆದವನ ಗುಂಪಿನವನೇ, ಹತ್ತೊಂಬತ್ತರ ಸರ್ಬ್ ಹುಡುಗ. ಎರಡು ಗುಂಡು. ಯುವರಾಜ, ಅವನ ಹೆಂಡತಿ ಸೋಫಿ ಇಬ್ಬರೂ ಹೋದರು.

ಡ್ರೈವರ್ ಸರಿಯಾಗಿ ಹೋಗಿದ್ದರೆ ಯುದ್ಧವೇ ಆಗುತ್ತಿರಲಿಲ್ಲ ಅಂತ ನಾನು ಹೇಳಲ್ಲ. ಬೆಂಕಿ ಕಡ್ಡಿ ಗೀರಿದವನು ಒಬ್ಬ, ಸೀಮೆಎಣ್ಣೆ ಸುರಿದು ಇಟ್ಟವರು ಬಹಳ ಜನ. ಅಲ್ಲಿಂದ ಮುಂದಿನ ಅವಸರ ನೋಡಿ. ಆಸ್ಟ್ರಿಯಾ ಸರ್ಬಿಯಾಕ್ಕೆ ಷರತ್ತುಗಳ ಪಟ್ಟಿ ಕಳಿಸಿ ಉತ್ತರಕ್ಕೆ ಕೊಟ್ಟದ್ದು 48 ಗಂಟೆ. ಜುಲೈ 28ಕ್ಕೆ ಯುದ್ಧ ಘೋಷಣೆ. ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ಸರ್ಬಿಯಾದ ಬೆನ್ನಿಗೆ ರಷ್ಯಾ. ಜರ್ಮನಿಯ ದೊರೆ ಕೈಸರ್, ರಷ್ಯಾದ ದೊರೆ ತ್ಸಾರ್ ಸಂಬಂಧಿಕರು. ಕೊನೆಯ ದಿನಗಳಲ್ಲಿ "ವಿಲ್ಲಿ", "ನಿಕ್ಕಿ" ಅಂತ ಸಹಿ ಹಾಕಿ ಒಬ್ಬರಿಗೊಬ್ಬರು ತಂತಿ ಕಳಿಸುತ್ತಿದ್ದರು, ಮದುವೆ ಮನೆಯಲ್ಲಿ ಮುನಿಸಿಕೊಂಡವರ ಹಾಗೆ. ಆಗಸ್ಟ್ 1ರಂದು ಕೈಸರ್ ತನ್ನ ಸೇನಾಪತಿ ಮೋಲ್ಟ್ಕೆಯನ್ನು ಕರೆದು, ಫ್ರಾನ್ಸ್ ಕಡೆ ಬೇಡ, ಸೇನೆಯನ್ನೆಲ್ಲಾ ರಷ್ಯಾ ಕಡೆಗೆ ತಿರುಗಿಸು ಅಂದ. ಆಗಲ್ಲ ಅಂದುಬಿಟ್ಟ ಮೋಲ್ಟ್ಕೆ. ರೈಲುಗಳ ವೇಳಾಪಟ್ಟಿ ವರ್ಷಗಳ ಹಿಂದೆಯೇ ತಯಾರಾಗಿತ್ತಲ್ಲ. ಆಗಸ್ಟ್ 4ಕ್ಕೆ ಬ್ರಿಟನ್ನೂ ಇಳಿಯಿತು. ಜುಲೈ 28ರಿಂದ ಲೆಕ್ಕ ಹಾಕಿದರೆ ಒಂದು ವಾರ. ನಮ್ಮ ಬೀದಿಯ ಚರಂಡಿ ರಿಪೇರಿಗೆ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ನಡುವಿನ ನಾಲ್ಕು ವರ್ಷದ್ದು ಎಲ್ಲರಿಗೂ ಗೊತ್ತು. ಕಂದಕ, ಕೆಸರು, ವಿಷಾನಿಲ. ಫ್ರಾನ್ಸಿನಲ್ಲಿ ನಡೆದ ಸೊಮ್ ಕದನದ ಮೊದಲ ದಿನ, 1916ರ ಜುಲೈ 1, ಬ್ರಿಟಿಷ್ ಸೇನೆಯಲ್ಲಿ 19,000ಕ್ಕೂ ಹೆಚ್ಚು ಜನ ಸತ್ತರು. ಒಂದೇ ದಿನದಲ್ಲಿ. ಭಾರತದಿಂದ ಹಡಗು ಹತ್ತಿ ಹೋದವರು ಹತ್ತು ಲಕ್ಷಕ್ಕೂ ಮೇಲೆ. ಅವರಲ್ಲಿ ಸುಮಾರು 74,000 ಜನ ವಾಪಸ್ ಬರಲಿಲ್ಲ.

ಇನ್ನು ಆ ಬೆಳಿಗ್ಗೆ. ಸೋಲುತ್ತಿದ್ದ ಜರ್ಮನಿಯ ನಿಯೋಗ 1918ರ ನವೆಂಬರ್ 8ಕ್ಕೇ ಬಂದಿತ್ತು. ಫ್ರಾನ್ಸಿನ ಕಾಂಪಿಯೇನ್ ಕಾಡಿನಲ್ಲಿ ನಿಲ್ಲಿಸಿದ್ದ ರೈಲು ಬೋಗಿಯಲ್ಲಿ ಮಾತುಕತೆ. ಮಾತು ಮುಗಿಯುವ ತನಕ ಗುಂಡು ಹಾರಿಸೋದನ್ನಾದರೂ ನಿಲ್ಲಿಸಿ ಅಂತ ಆ ನಿಯೋಗದ ಮುಖ್ಯಸ್ಥ ಎರ್ಜ್‌ಬರ್ಗರ್ ಕೇಳಿಕೊಂಡ. ಎದುರು ಪಕ್ಷದ ಮಹಾದಂಡನಾಯಕ, ಫ್ರಾನ್ಸಿನ ಮಾರ್ಷಲ್ ಫೋಶ್ ಒಪ್ಪಲಿಲ್ಲ. 72 ಗಂಟೆ ಗಡುವು ಕೊಟ್ಟ. 11ನೇ ತಾರೀಖು ಬೆಳಿಗ್ಗೆ ಐದು ದಾಟಿದಾಗ ಸಹಿ ಬಿತ್ತು. ಜಾರಿಗೆ ಬರುವುದು ಹನ್ನೊಂದು ಗಂಟೆಗೆ.

ಬುಧವಾರ ಬೆಳಿಗ್ಗೆ ಮಗಳು ಅದೇ ಪ್ರಶ್ನೆಯನ್ನು ಅಜ್ಜಿಯ ಮುಂದಿಟ್ಟಳು. ನಮ್ಮತ್ತೆ ಹೂ ಕಟ್ಟುತ್ತಿದ್ದವರು ತಲೆ ಎತ್ತದೆ, "ಒಳ್ಳೆ ಗಳಿಗೆ ನೋಡಿರ್ಬೇಕು. ಅವತ್ತು ಯಾವ ವಾರ?" ಅಂದರು.

ಫೋನಿನಲ್ಲಿ ನೋಡಿದೆ. ಸೋಮವಾರ.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಐದು ಗಂಟೆ ಅಂದ್ರೆ ಬ್ರಾಹ್ಮೀ ಮುಹೂರ್ತ. ಆಗ್ಲೇ ನಿಲ್ಸಿದ್ರೆ ಏನಾಗ್ತಿತ್ತು ಅವ್ರಿಗೆ?"

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ರಾಹುಕಾಲದ ನೆಪವೂ ಇರಲಿಲ್ಲವಲ್ಲ.

ಸಂಜೆ ಮೈದುನ ಬಂದಿದ್ದ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ವಾಲ್ಯೂಮ್ ಜಾಸ್ತಿ ಮಾಡುವ ಜಾತಿಯವನು. ಬಾಣದ ಗುರುತಿನ ನಕ್ಷೆ ಕಂಡರೆ ಕುರ್ಚಿಯ ತುದಿಗೆ ಬರುತ್ತಾನೆ. "ಹೈಫಾ ಗೊತ್ತೇನೇ ನಿಂಗೆ? 1918ರ ಸೆಪ್ಟೆಂಬರ್ 23. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಮೇಲೆ, ಈಟಿ ಹಿಡ್ಕೊಂಡು, ಮೆಷಿನ್ ಗನ್ ಎದುರಿಗೆ!" ಅಂತ ಶುರು ಮಾಡಿದ. ನಿಜವೇ. ಜೋಧಪುರದ ಸವಾರರ ಜೊತೆ ಸೇರಿ ಮೈಸೂರಿನವರು, ಈಗ ಇಸ್ರೇಲಿನಲ್ಲಿರುವ ಆ ಊರು ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಸತ್ತವರ ಹೆಸರು ಕೆತ್ತಿದ್ದಾರೆ. ಇವನು ದಿನಾ ಆ ಕಡೆಯೇ ಸ್ಕೂಟರಿನಲ್ಲಿ ಹೋಗುತ್ತಾನೆ. ಅದರಲ್ಲಿ ಒಂದು ಹೆಸರು ಹೇಳು ನೋಡೋಣ ಅಂದೆ. ಟೀ ಇನ್ನೂ ಸ್ವಲ್ಪ ಇದೆಯಾ ಅತ್ತಿಗೆ ಅಂದ.

ಆರು ಗಂಟೆಯ ವಿಷಯ ಕೇಳಿದ್ದಕ್ಕೆ, "ಯುದ್ಧ ಅಂದ್ರೆ ಹಾಗೇ ಇರುತ್ತೆ" ಅಂತ ಮುಗಿಸಿದ. ಒಳ್ಳೆಯ ಹುಡುಗ. ಆದರೆ ಈ ಮಾತು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಹಾಗೇ ಇರಲಿಲ್ಲ. ಸುದ್ದಿ ಎಷ್ಟೋ ತುಕಡಿಗಳಿಗೆ ಮುಂಚೆಯೇ ಮುಟ್ಟಿತ್ತು. ಗೊತ್ತಿದ್ದೂ ಕೆಲವು ಜನರಲ್‌ಗಳು ಸುಮ್ಮನಿದ್ದರು, ಕೆಲವರು ಮುನ್ನುಗ್ಗಿಸಿದರು. ಸ್ಟೆನೆ ಅನ್ನುವ ಊರಲ್ಲಿ ಸೈನಿಕರಿಗೆ ಸ್ನಾನಕ್ಕೆ ಅನುಕೂಲ ಇದೆ ಅಂತ ಒಬ್ಬ ಅಮೆರಿಕನ್ ಜನರಲ್ ಕೊನೆಯ ಬೆಳಿಗ್ಗೆಯೂ ಅದನ್ನು ಹಿಡಿಸಿದ. ಸ್ನಾನಕ್ಕೆ! ಹೆನ್ರಿ ಗುಂಥರ್ ಅನ್ನುವವನು 10:59ಕ್ಕೆ ಸತ್ತ. ಮನೆತನ ಜರ್ಮನ್ ಮೂಲದ್ದು, ಹೋರಾಡಿದ್ದು ಅಮೆರಿಕದ ಪರ. ಬೇಸರದಿಂದ ಬರೆದ ಒಂದು ಪತ್ರ ಸಿಕ್ಕಿಬಿದ್ದು ಸಾರ್ಜೆಂಟ್ ಹುದ್ದೆ ಕಳೆದುಕೊಂಡಿದ್ದ. ಕೊನೆ ಗಳಿಗೆಯಲ್ಲಿ ಬಂದೂಕಿಗೆ ಬಯೊನೆಟ್ ಸಿಕ್ಕಿಸಿ ಓಡಿದ. ಎದುರಿಗಿದ್ದ ಜರ್ಮನರು ಕೈ ಬೀಸಿ, ಹಿಂದೆ ಹೋಗು ಅಂತ ಕೂಗಿದರಂತೆ. ಅವನು ನಿಲ್ಲಲಿಲ್ಲ. ಅವರು ಹೊಡೆದರು.

ಆ ಒಂದು ದಿನ ಎರಡೂ ಕಡೆ ಸೇರಿ ಸತ್ತವರು ಸುಮಾರು 2,700 ಅನ್ನುತ್ತಾರೆ.

ನನ್ನನ್ನು ಹೆಚ್ಚು ಕಾಡಿದವನು ಇನ್ನೊಬ್ಬ. ಒಗುಸ್ಟಾನ್ ಟ್ರೆಬುಶೊಂ. ಫ್ರಾನ್ಸಿನವನು, ಊರಲ್ಲಿ ಕುರಿ ಕಾಯುತ್ತಿದ್ದವನು. ಯುದ್ಧ ಶುರುವಾದ ವರ್ಷವೇ ಸೇರಿ ಇಡೀ ಯುದ್ಧ ದಾಟಿದ್ದ. ಅವತ್ತು ಅವನ ಕೈಗೊಂದು ಸಂದೇಶ ಕೊಟ್ಟಿದ್ದರು. ಹನ್ನೊಂದೂವರೆಗೆ ಬಿಸಿ ಸೂಪ್ ಇದೆ, ಎಲ್ಲರೂ ಬನ್ನಿ ಅಂತ. ಹನ್ನೊಂದಕ್ಕೆ ಕೆಲವೇ ನಿಮಿಷ ಇರುವಾಗ ತಲೆಗೆ ಗುಂಡು ಬಿತ್ತು.

ಗುರುವಾರ ಸಾರಿಗೆ ಒಗ್ಗರಣೆ ಹಾಕುತ್ತಾ ಮಗಳಿಗೆ ಇದನ್ನು ಹೇಳಿದೆ. ಅವನ ಸಮಾಧಿಯ ಮೇಲೆ ಸತ್ತ ದಿನ ನವೆಂಬರ್ 10 ಅಂತ ಇದೆ ಅಂತಲೂ ಹೇಳಿದೆ. ಕೊನೆಯ ದಿನ ಸತ್ತ ಎಷ್ಟೋ ಫ್ರೆಂಚ್ ಸೈನಿಕರಿಗೆ ಒಂದು ದಿನ ಹಿಂದಿನ ತಾರೀಖನ್ನೇ ಹಾಕಿದರಂತೆ. ಯುದ್ಧ ಮುಗಿದ ದಿನವೇ ಮಗ ಸತ್ತ ಅಂತ ಮನೆಯವರಿಗೆ ಹೇಳೋದು ಹೇಗೆ?

ಅವಳು ಬ್ಯಾಗಿನಿಂದ ಆ ಪರೀಕ್ಷೆ ಹಾಳೆ ತೆಗೆದು, ಕೆಂಪು ಸುತ್ತನ್ನು ತುಂಬಾ ಹೊತ್ತು ನೋಡಿದಳು.

"ನಾನು ಗೊತ್ತಿಲ್ದೆ ತಾರೀಖು ತಪ್ಪು ಬರ್ದೆ" ಅಂದಳು. "ಅವ್ರು ಗೊತ್ತಿದ್ದೇ ಬರೆದ್ರಾ?"